ನಾರ್ವೆಯವರಿಗೆ ನಗಿಸೋಕೆ ಬರುತ್ತಾ?

ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಹೋದ ಸಲ ಕೇಳಿದ್ದು ಚಿಕ್ಕಮ್ಮ, ಸಾಗರದಲ್ಲಿ, ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದಾಗ. "ಅಲ್ಲ ಕಣೇ, ಆ ನಾರ್ವೆ ಸಿನಿಮಾ ಅಂತ ಅಷ್ಟು ಹೇಳ್ತೀಯಲ್ಲ, ಆ ಚಳಿ ದೇಶದವರಿಗೆ ನಗಿಸೋಕೆ ಬರುತ್ತಾ?" ಬೆಂಗಳೂರಿನ ಗೆಳತಿಯರು ಕೇಳುವುದೂ ಇದನ್ನೇ. ಅವರಿಗೆ ನಾರ್ವೆ ಅಂದರೆ ಕೊಲೆಯ ಸೀರಿಯಲ್ಲು, ಮಂಜಿನಲ್ಲಿ ಸಿಕ್ಕ ಹೆಣ, ಮಾತೇ ಆಡದ ಪೊಲೀಸ್ ಅಧಿಕಾರಿ. ಅಂಥ ದೇಶದಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಕಾಮಿಡಿ ಇದೆಯಾ ಅಂತ ಅವರಿಗೆ ನಿಜವಾಗಿಯೂ ಆಶ್ಚರ್ಯ.

ಇದೆ. ತುಂಬಾ ಇದೆ. ನಾನು ಅಲ್ಲಿಗೆ ಹೋಗಿ ನೆಲೆಸಿದ ಮೇಲೆ ಭಾಷೆ ಕಲಿತದ್ದೇ ಅರ್ಧ ಈ ಸಿನಿಮಾಗಳಿಂದ, ಮಗಳ ಜೊತೆ ಸೋಫಾದಲ್ಲಿ ಕೂತು. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿರುವುದು ಒಂದೇ ಮಾತು. ಅಲ್ಲಿನ ಒಳ್ಳೆಯ ನಟರು ನಗಿಸೋಕೆ ಪ್ರಯತ್ನವನ್ನೇ ಮಾಡುವುದಿಲ್ಲ. ಪಾತ್ರ ಎಷ್ಟೇ ವಿಚಿತ್ರವಾಗಿರಲಿ, ಅದನ್ನು ಪೂರ್ತಿ ನಂಬಿ ಮಾಡುತ್ತಾರೆ. ನಗು ನಮಗೆ ತಾನಾಗಿ ಬರುತ್ತದೆ.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಮುಳ್ಳಿನ ಮೈಯ ಒಂದು ಪುಟ್ಟ ಗೊಂಬೆಯ ಕತೆ. 1975ರಲ್ಲಿ 'ಫ್ಲೋಕ್ಲಿಪಾ ಗ್ರಾನ್ ಪ್ರಿ' ಅಂತ ಒಂದು ಗೊಂಬೆ ಸಿನಿಮಾ ಬಂತು. ಮಾಡಿದವರು ಈವೊ ಕಾಪ್ರಿನೊ. ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದು ಫೋಟೊ ತೆಗೆದು, ಮತ್ತೆ ಸರಿಸಿ, ಮತ್ತೆ ತೆಗೆದು, ಹೀಗೆ ವರ್ಷಗಟ್ಟಲೆ ಕೂತು ಮಾಡಿದ್ದು. ಕಾಪ್ರಿನೊಗೆ ಗೊಂಬೆಯ ಗೀಳು ಮನೆಯಿಂದಲೇ ಬಂದದ್ದು, ಅವರ ಶುರುವಿನ ಸಿನಿಮಾಗಳಿಗೆ ಗೊಂಬೆ ಮಾಡಿಕೊಟ್ಟವರು ಅವರ ತಾಯಿ. ಫ್ಲೋಕ್ಲಿಪಾದ ಪಾತ್ರಗಳು ಮಾತ್ರ ಶೆಲ್ ಔಕ್ರುಸ್ತ್ ಎಂಬ ಬರಹಗಾರರವು, ಅವರು ಕೈಯಾರೆ ಚಿತ್ರವನ್ನೂ ಬಿಡಿಸುತ್ತಿದ್ದರು, ಆಲ್ವ್‌ದಾಲ್ ಎಂಬ ಹಳ್ಳಿ ಕಡೆಯವರು. ಮೊದಲು ಇದು ಟಿವಿಗೆ ಅಂತ ಶುರುವಾದ ಕೆಲಸ. ಅದು ನಡುವೆಯೇ ನಿಂತುಹೋಯಿತು. ಗೊಂಬೆಗಳು ಉಳಿದವು. ಆ ಉಳಿದ ಗೊಂಬೆಗಳಿಂದಲೇ ಸಿನಿಮಾ ಹುಟ್ಟಿತು.

ಕತೆ ಇಷ್ಟೇ. ಗುಡ್ಡದ ಮೇಲೆ ಒಬ್ಬ ಮುದುಕ, ಸೈಕಲ್ ರಿಪೇರಿ ಮಾಡುತ್ತಾನೆ, ಏನೇನೋ ಯಂತ್ರ ಕಂಡುಹಿಡಿಯುತ್ತಾನೆ. ಹೆಸರು ರಿಯೊದೊರ್ ಫೆಲ್ಗೆನ್. ಅವನ ಜೊತೆ ಇಬ್ಬರು. ಸೂಲಾನ್ ಅನ್ನುವ ಮ್ಯಾಗ್‌ಪೈ ಹಕ್ಕಿಗೆ ಎಲ್ಲದರಲ್ಲೂ ಉತ್ಸಾಹ. ಲುದ್ವಿಗ್ ಅನ್ನುವ ಹೆಜ್‌ಹಾಗ್, ಅಂದರೆ ಮುಳ್ಳುಹಂದಿಯ ಹಾಗೆ ಕಾಣುವ ಪುಟ್ಟ ಪ್ರಾಣಿಗೆ, ಎಲ್ಲದಕ್ಕೂ ಭಯ. ಹಿಂದೆ ರಿಯೊದೊರ್ ಹತ್ತಿರ ಕೆಲಸ ಕಲಿತವನೊಬ್ಬ ಎಂಜಿನ್ನಿನ ನಕ್ಷೆ ಕದ್ದು ರೇಸಿನಲ್ಲಿ ಚಾಂಪಿಯನ್ ಆಗಿಬಿಟ್ಟಿರುತ್ತಾನೆ. ಆಗ ಒಬ್ಬ ಶೇಖ್ ದುಡ್ಡು ಹಾಕುತ್ತಾನೆ, ಇವರು ಹಳ್ಳಿಯಲ್ಲೇ ಒಂದು ರೇಸ್ ಕಾರು ಕಟ್ಟುತ್ತಾರೆ. ಆ ಕಾರಿನಲ್ಲಿ ರಾಡಾರ್ ಇದೆ, ಅಪಘಾತವಾದರೆ ಅಂತ ಒಂದು ಬ್ಲಡ್ ಬ್ಯಾಂಕ್ ಕೂಡ ಇದೆ! ಮುಂದೆ ಓಡಿಸಬಲ್ಲ ನಿಜವಾದ ಕಾರನ್ನೇ ಅದೇ ರೂಪದಲ್ಲಿ ಕಟ್ಟಿದರು, ಅಷ್ಟು ಪ್ರೀತಿ ಜನಕ್ಕೆ.

ಎಷ್ಟು ಪ್ರೀತಿ ಅಂದರೆ, ಆಗ ನಾರ್ವೆಯ ಜನಸಂಖ್ಯೆಯೇ ಸುಮಾರು 40 ಲಕ್ಷ. ಈ ಸಿನಿಮಾಗೆ ಅಲ್ಲಿ ಇದುವರೆಗೆ ಮಾರಾಟವಾದ ಟಿಕೆಟ್ 50 ಲಕ್ಷಕ್ಕೂ ಜಾಸ್ತಿ.

ಈಗ ನಟರ ವಿಷಯಕ್ಕೆ ಬರುತ್ತೇನೆ. ಲುದ್ವಿಗ್‌ಗೆ ದನಿ ಕೊಟ್ಟವರು ಯಾರು ಗೊತ್ತಾ? ತೂರಾಲ್ವ್ ಮೌರ್ಸ್ತಾದ್. ನಾರ್ವೆಯ ನಾಟಕಕಾರ ಇಬ್ಸೆನ್ನನ ನಾಟಕದ ಪೇರ್ ಗಿಂಟ್ ಪಾತ್ರಕ್ಕೆ ಹೆಸರಾದವರು, ಮುಂದೆ ಓಸ್ಲೊದ ರಾಷ್ಟ್ರೀಯ ರಂಗಮಂದಿರದ ಮುಖ್ಯಸ್ಥರಾದವರು. ಹಾಲಿವುಡ್ ಸಿನಿಮಾವೊಂದರಲ್ಲಿ ಸಂಗೀತಗಾರ ಗ್ರೀಗ್ ಆಗಿ ಮಾಡಿದ್ದವರೂ ಅವರೇ. ಅಷ್ಟು ದೊಡ್ಡ ನಟ ಒಂದು ನಡುಗುವ ಹೆಜ್‌ಹಾಗ್‌ಗೆ ದನಿ ಕೊಡುವಾಗ ಅದನ್ನು 'ಮಕ್ಕಳ ಕೆಲಸ' ಅಂತ ನೋಡಲಿಲ್ಲ. ಕೇಳಿ ನೋಡಿ, ಲುದ್ವಿಗ್ ಹೆದರುವಾಗ ಆ ದನಿಯಲ್ಲಿ ತಮಾಷೆ ಎಳ್ಳಷ್ಟೂ ಇಲ್ಲ. ಅದು ನಿಜವಾದ ಭಯ. ಮಗಳು ನಾಲ್ಕು ವರ್ಷದವಳಿದ್ದಾಗ ಲುದ್ವಿಗ್‌ನನ್ನು ನೋಡಿ ನಗುತ್ತಲೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಎರಡೂ ಒಟ್ಟಿಗೆ ಆಗೋದು ನಟ ಪಾತ್ರವನ್ನು ನಂಬಿದಾಗ ಮಾತ್ರ, ಅಲ್ವಾ? ಸೂಲಾನ್‌ನ ದನಿ ಕಾರಿ ಸಿಮೊನ್ಸೆನ್ ಅವರದ್ದು. ಗಂಡು ಹಕ್ಕಿಗೆ ಹೆಣ್ಣು ದನಿ, ಆದರೂ ಇವತ್ತಿಗೂ ಅಲ್ಲಿನವರಿಗೆ ಸೂಲಾನ್ ಅಂದರೆ ಆ ದನಿಯೇ.

ಗೊಂಬೆ ಬೇಡ, ಮನುಷ್ಯರಿರುವ ಸಿನಿಮಾ ಹೇಳು ಅನ್ನುವವರಿಗೆ 'ಓಲ್ಸೆನ್‌ಬಾಂಡೆನ್', ಅಂದರೆ ಓಲ್ಸೆನ್ ಗ್ಯಾಂಗ್. ಇದು ಮೂಲದಲ್ಲಿ ಡೆನ್ಮಾರ್ಕಿನದು, 1968ರಲ್ಲಿ ಶುರುವಾಗಿದ್ದು. ಮರುವರ್ಷವೇ ನಾರ್ವೆಯವರು ಅದನ್ನು ತಮ್ಮದು ಮಾಡಿಕೊಂಡರು. 1969ರಿಂದ 1999ರವರೆಗೆ 14 ಸಿನಿಮಾ! ಎಗೊನ್ ಓಲ್ಸೆನ್ ಜೈಲಿನಿಂದ ಹೊರಗೆ ಬರುತ್ತಾನೆ, ತಲೆಯಲ್ಲಿ ಟೋಪಿ, ಬಾಯಲ್ಲಿ ಸಿಗಾರ್. ಗೇಟಿನ ಹೊರಗೆ ಬೆನ್ನಿ ಮತ್ತು ಶೆಲ್ ಕಾಯುತ್ತಿರುತ್ತಾರೆ. "ನನ್ನ ಹತ್ತಿರ ಒಂದು ಪ್ಲಾನ್ ಇದೆ" ಅನ್ನುತ್ತಾನೆ ಎಗೊನ್. ಪ್ಲಾನ್ ಸೆಕೆಂಡ್ ಲೆಕ್ಕದಲ್ಲಿ ಕರಾರುವಾಕ್ಕಾಗಿರುತ್ತದೆ. ಆಮೇಲೆ ಯಾವುದೋ ಸಣ್ಣ ವಿಷಯ ಕೈಕೊಡುತ್ತದೆ, ಎಗೊನ್ ಮತ್ತೆ ಜೈಲಿಗೆ. ಹೆಚ್ಚು ಕಡಿಮೆ ಪ್ರತಿ ಸಲವೂ ಇದೇ.

ಒಂದೇ ಕತೆಯನ್ನು 14 ಸಲ ನೋಡೋದು ಬೇಜಾರಲ್ವಾ ಅಂತ ಗೆಳತಿ ಕೇಳಿದಳು. ಬೇಜಾರಾಗದೇ ಇರುವುದಕ್ಕೆ ಕಾರಣ ಆರ್ವೆ ಓಪ್ಸಾಲ್. ಎಗೊನ್ ಪಾತ್ರ ಮಾಡಿದವರು. ಆ ಮನುಷ್ಯ ಪ್ಲಾನ್ ವಿವರಿಸುವಾಗ ನೋಡಬೇಕು, ಹಾರ್ಟ್ ಆಪರೇಷನ್ ಮಾಡುವ ಡಾಕ್ಟರಿನ ಗಂಭೀರತೆ! ಅಷ್ಟೊಂದು ಶಿಸ್ತು, ಅಷ್ಟೊಂದು ಹೆಮ್ಮೆ. ಪ್ಲಾನ್ ಕೆಡುವಾಗ ಅವನ ಮುಖ ನೋಡಿದರೆ ಕಳ್ಳ ಅನ್ನುವುದೇ ಮರೆತುಹೋಗುತ್ತದೆ, ಒಬ್ಬ ಕಲಾವಿದನ ಕೆಲಸ ಹಾಳಾಯಿತಲ್ಲ ಅನ್ನಿಸುತ್ತದೆ. ಬೆನ್ನಿಯಾಗಿ ಸ್ವೆರೆ ಹೋಲ್ಮ್, ಯಾವಾಗಲೂ ಖುಷಿ. ಶೆಲ್ ಆಗಿ ಕಾರ್ಸ್ಟೆನ್ ಬೀರಿಂಗ್, ಯಾವಾಗಲೂ ಆತಂಕ. ಶೆಲ್‌ನ ಹೆಂಡತಿ ವಾಲ್ಬೋರ್ಗ್ ಆಗಿ ಔದ್ ಶೋನೆಮಾನ್. ನನ್ನ ಮಟ್ಟಿಗೆ ಇಡೀ ಸರಣಿಯ ಬೆನ್ನೆಲುಬು ಈಕೆಯೇ. ಮೂವರು ಗಂಡಸರು ಅವಳ ಮನೆಯ ಮೇಜಿನ ಸುತ್ತ ಕೂತು ಕೋಟಿಗಳ ಲೆಕ್ಕ ಹಾಕುತ್ತಿದ್ದರೆ, ಅವಳಿಗೆ ಮನೆ ಖರ್ಚಿನ ಚಿಂತೆ. ಅವಳು ಬಾಯಿ ತೆರೆದರೆ ಎಗೊನ್ ಕೂಡ ಸುಮ್ಮನಾಗುತ್ತಾನೆ. ಇಂಥ ಅತ್ತೆ, ಇಂಥ ದೊಡ್ಡಮ್ಮ ನಮ್ಮ ಎಲ್ಲರ ಮನೆಯಲ್ಲೂ ಒಬ್ಬರಿದ್ದಾರೆ. ಶೋನೆಮಾನ್ 2006ರಲ್ಲಿ ತೀರಿಕೊಂಡರು, ಓಪ್ಸಾಲ್ ಮರುವರ್ಷ. ನಾನು ಅವರನ್ನು ಪರದೆಯ ಮೇಲೆ ಮಾತ್ರ ಕಂಡವಳು, ಆದರೂ ಯಾರೋ ನೆಂಟರು ಹೋದ ಹಾಗೆ ನೆನಪಾಗುತ್ತಾರೆ.

ಇದೇ ಗ್ಯಾಂಗ್ ಚಿಕ್ಕ ಹುಡುಗರಾಗಿದ್ದಾಗ ಹೇಗಿದ್ದರು ಅಂತ 2003ರಿಂದ ಬೇರೆ ಸಿನಿಮಾಗಳೂ ಬಂದವು. ಮಕ್ಕಳಿಗೆ ಅವು ಇಷ್ಟ. ನನಗೆ ಹಳೆಯವೇ.

ಇನ್ನೊಂದು ಹೇಳಲೇಬೇಕು. ಅನ್ನೆ-ಕಾತ್ ವೆಸ್ಟ್ಲಿ ಅಂತ ಮಕ್ಕಳ ಕತೆ ಬರೆಯುತ್ತಿದ್ದ ಲೇಖಕಿ. ರೇಡಿಯೊದ ಮಕ್ಕಳ ಕಾರ್ಯಕ್ರಮದಲ್ಲಿ ಅವರ ದನಿ ಕೇಳಿ ಬೆಳೆದವರು ಎಷ್ಟೋ ಜನ. ಅವರ ಒಂದು ಕತೆಯಲ್ಲಿ ಓಸ್ಲೊದ ಒಂದು ಪುಟ್ಟ ಮನೆಯಲ್ಲಿ ಅಪ್ಪ, ಅಮ್ಮ, ಎಂಟು ಮಕ್ಕಳು, ಅಪ್ಪನದೊಂದು ಲಾರಿ. ಅಷ್ಟರ ನಡುವೆ ಹಳ್ಳಿಯಿಂದ ಅಜ್ಜಿಯೂ ಬರುತ್ತಾಳೆ, ಅಮ್ಮನ ಅಮ್ಮ. ಇದು 1977ರಲ್ಲಿ ಸಿನಿಮಾ ಆಯಿತು, 1979ರಲ್ಲಿ ಇನ್ನೊಂದು ಬಂತು. ಎರಡರಲ್ಲೂ ಅಜ್ಜಿಯ ಪಾತ್ರ ಮಾಡಿದ್ದು ಸ್ವತಃ ವೆಸ್ಟ್ಲಿ! ಕತೆ ಬರೆದವರೇ ಕತೆಯೊಳಗೆ ಬಂದು ಕೂತ ಹಾಗೆ. ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ ಇದನ್ನು ನೋಡಿ, "ನಮ್ಮ ಮನೆಯಲ್ಲೂ ಹೀಗೇ ಇತ್ತು, ಲಾರಿ ಒಂದು ಇರಲಿಲ್ಲ ಅಷ್ಟೇ" ಅಂದರು.

ಹೊಸಬರಲ್ಲಿ ಈ ಗುಣ ಉಳಿದಿದೆಯಾ ಅಂದರೆ, ಉಳಿದಿದೆ. 'ಬೋಲ್ಗೆನ್' ಅಂದರೆ 'ದ ವೇವ್' ಅನ್ನುವ 2015ರ ಸಿನಿಮಾ ನಮ್ಮಲ್ಲೂ ಕೆಲವರು ನೋಡಿದ್ದೀರಿ, ಬೆಟ್ಟ ಕುಸಿದು ಕಣಿವೆಯಲ್ಲಿ ದೊಡ್ಡ ಅಲೆ ಏಳುತ್ತದಲ್ಲ, ಅದು. ಅದರಲ್ಲಿ ಉಸಿರು ಬಿಗಿಹಿಡಿದು ಓಡುವ ಅಪ್ಪ ಕ್ರಿಸ್ಟೊಫರ್ ಯೂನರ್. ಅದಕ್ಕೆ ಒಂದು ವರ್ಷ ಮೊದಲು ಅದೇ ಯೂನರ್ ಮಕ್ಕಳ ಸಿನಿಮಾದಲ್ಲಿ ಡಾಕ್ಟರ್ ಪ್ರೊಕ್ಟರ್ ಆಗಿದ್ದರು. ಹೂಸು ಬಿಡಿಸುವ ಪುಡಿ ಕಂಡುಹಿಡಿದ ವಿಜ್ಞಾನಿ! ಆ ಕತೆ ಬರೆದದ್ದು ಯೂ ನೆಸ್ಬೊ, ಮೈ ನಡುಗಿಸುವ ಪತ್ತೇದಾರಿ ಕಾದಂಬರಿಗಳ ಲೇಖಕ. ಬೆಟ್ಟ ಕುಸಿಯುವಾಗ ಯೂನರ್ ಮುಖದಲ್ಲಿ ಎಷ್ಟು ಶ್ರದ್ಧೆಯೋ, ಆ ಪುಡಿಯ ಡಬ್ಬಿ ಹಿಡಿದಾಗಲೂ ಅಷ್ಟೇ. 'ದ ವೇವ್'ನಲ್ಲಿ ಅವರ ಮಗನಾಗಿದ್ದ ಯೂನಾಸ್ ಹೊಫ್ ಊಫ್ತೆಬ್ರೊ ಆಮೇಲೆ 2018ರ 'ಲೋಸ್ ಬಾಂಡೊ'ದಲ್ಲಿ ಡ್ರೈವರ್ ಹುಡುಗ. ಎಳೆ ಹುಡುಗರ ಬ್ಯಾಂಡ್ ಒಂದು ಸ್ಪರ್ಧೆಗೆ ಅಂತ ದೂರದ ಉತ್ತರದ ಟ್ರೊಮ್ಸೊಗೆ ವ್ಯಾನಿನಲ್ಲಿ ಹೊರಡುವ ಕತೆ. ಹಾಡುವ ಹುಡುಗನಿಗೆ ರಾಗವೇ ಬರುವುದಿಲ್ಲ, ಅದನ್ನು ಹೇಳುವ ಧೈರ್ಯ ಅವನ ಆಪ್ತ ಗೆಳೆಯನಿಗಿಲ್ಲ. ಚೆಲ್ಲೊ ನುಡಿಸುವ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸೇರಿಕೊಳ್ಳುತ್ತಾಳೆ. ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಮೊದಲು ಇದನ್ನೇ ಹಾಕಿ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ 2001ರ 'ಎಲ್ಲಿಂಗ್'. ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. ಫೋನ್ ಎತ್ತಲೂ ಹೆದರುವ ಎಲ್ಲಿಂಗ್ ಆಗಿ ಪೇರ್ ಕ್ರಿಸ್ಟಿಯನ್ ಎಲ್ಲೆಫ್ಸೆನ್, ಅವನ ಗೆಳೆಯನಾಗಿ ಸ್ವೆನ್ ನೂರ್ದಿನ್. ಈ ನೂರ್ದಿನ್ ಅದಕ್ಕೂ ಮೊದಲು ಟಿವಿ ಕಾಮಿಡಿಯಲ್ಲಿ ಓಪ್ಸಾಲ್ ಜೊತೆ ಮಾಡಿದವರು, ಈಗ ಪೊಲೀಸ್ ಸೀರಿಯಲ್ಲಿನಲ್ಲಿ ಗಂಭೀರ ಅಧಿಕಾರಿ ವಿಸ್ಟಿಂಗ್. ನನ್ನ ಗೆಳತಿಯರು ನೋಡುವ 'ಮಾತೇ ಆಡದ ಪೊಲೀಸ್' ಅಂಥವರೇ! ದೇಶ ಚಿಕ್ಕದು, ನಟರು ಕಡಿಮೆ. ನಾಟಕ, ಟಿವಿ, ಮಕ್ಕಳ ಸಿನಿಮಾ, ಡಬ್ಬಿಂಗ್ ಎಲ್ಲದಕ್ಕೂ ಅವರೇ ಬೇಕು. ಹಾಗಾಗಿ ಕಾಮಿಡಿಗೇ ಬೇರೆ ನಟ, ಗಂಭೀರ ಪಾತ್ರಕ್ಕೇ ಬೇರೆ ನಟ ಅನ್ನುವ ಗೋಡೆ ಅಲ್ಲಿ ಗಟ್ಟಿಯಾಗಿ ಎದ್ದೇ ಇಲ್ಲ ಅಂತ ನನಗೆ ಕಾಣುತ್ತದೆ.

ಕೊನೆಗೆ ಎಲ್ಲರೂ ಕೇಳುವುದು ಭಾಷೆಯ ವಿಷಯ. ಸಬ್‌ಟೈಟಲ್ ಓದೋಕೆ ಬಾರದ ಮಕ್ಕಳಿಗೆ, ಕಣ್ಣು ಮಂಜಾದ ಹಿರಿಯರಿಗೆ ಹೇಗೆ ತೋರಿಸೋದು? ಅದಕ್ಕೂ ನಾರ್ವೆಯವರೇ ದಾರಿ ತೋರಿಸಿದ್ದಾರೆ. ಸಿಂಡ್ರೆಲಾ ಕತೆಯ ಒಂದು ಜೆಕ್ ಸಿನಿಮಾ ಇದೆ, 1973ರದು. ಕ್ರಿಸ್‌ಮಸ್ ಹಿಂದಿನ ದಿನ, ಡಿಸೆಂಬರ್ 24ರ ಬೆಳಿಗ್ಗೆ, ಅದನ್ನು ಅಲ್ಲಿನ ಸರ್ಕಾರಿ ಟಿವಿಯಲ್ಲಿ ತೋರಿಸುವುದು ದೊಡ್ಡ ಸಂಪ್ರದಾಯ. ಅದಕ್ಕೆ ನಾರ್ವೇಜಿಯನ್ ದನಿ ಕೊಟ್ಟದ್ದು ಒಬ್ಬರೇ ನಟ, ಕ್ನುತ್ ರಿಸಾನ್. ರಾಜಕುಮಾರ, ಮಲತಾಯಿ, ಸಿಂಡ್ರೆಲಾ, ಎಲ್ಲರ ಮಾತೂ ಆ ಒಬ್ಬ ಗಂಡಸಿನದೇ. 2021ರಲ್ಲಿ ನಾರ್ವೆಯವರೇ ಹೊಸ ಸಿಂಡ್ರೆಲಾ ತೆಗೆದರು. ಆದರೂ ನಮ್ಮ ಪಕ್ಕದ ಮನೆಯ ಅಜ್ಜಿಗೆ ರಿಸಾನ್ ದನಿ ಕೇಳದಿದ್ದರೆ ಹಬ್ಬ ಶುರುವಾಗುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಅಪ್ಪ ಅಮ್ಮ ಬಂದಿದ್ದಾಗ ನಾನೂ ಅದನ್ನೇ ಮಾಡಿದೆ. ಫ್ಲೋಕ್ಲಿಪಾ ಹಾಕಿ, ಪಕ್ಕದಲ್ಲಿ ಕೂತು, ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪ ಚಿಕ್ಕಂದಿನಲ್ಲಿ ಸೂತ್ರದ ಗೊಂಬೆಯಾಟ ನೋಡಿದವರು. ಮೊದಲ ಹತ್ತು ನಿಮಿಷ ದಾರ ಎಲ್ಲಿದೆ ಅಂತ ಹುಡುಕಿದರು, ಆಮೇಲೆ ಕತೆಯೊಳಗೆ ಹೋಗಿಬಿಟ್ಟರು. ಸೂಲಾನ್ ಮಾತು ಮಗಳೇ ಹೇಳುತ್ತೇನೆ ಅಂತ ಹಟ ಹಿಡಿದು ಹೇಳಿದಳು. ಲುದ್ವಿಗ್ ಮಾತು ನನ್ನ ಪಾಲಿಗೆ ಬಂತು. ರೇಸ್ ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು. ಅಮ್ಮ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. "ಪಾಪ ಆ ಮುಳ್ಳಿನ ಮಗು, ಅದಕ್ಕೆ ಊಟ ಆಯ್ತಾ?" ಅಂತ ಕೇಳಿದರು.