ಕಿಲ್ ಕೊಟ್ಟರೂ ಏಳದ ಥ್ರೆಡ್

ಶಿವಮೊಗ್ಗದ ನಮ್ಮ ಪುಟ್ಟ ಆಫೀಸಿನಲ್ಲಿ ಹಳೆಯ ಡೇಟಾಬೇಸ್ ಸರ್ವರ್ ಒಂದರ ಕೋಡ್ ನೋಡಿಕೊಳ್ಳುತ್ತೇವೆ. ಅಡಿಕೆ ಮಂಡಿಗಳ ಲೆಕ್ಕವೆಲ್ಲ ಅದರಲ್ಲೇ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮಂಡಿಯಿಂದ ಫೋನ್ ಬಂತು. ಬಿಲ್ ಸೇವ್ ಆಗುತ್ತಿಲ್ಲವಂತೆ. ಯಾವುದೋ ಕನೆಕ್ಷನ್ನಿನ ಥ್ರೆಡ್, ಅಂದರೆ ಸರ್ವರ್ ಒಳಗೆ ಆ ಕನೆಕ್ಷನ್ನಿನ ಕೆಲಸ ನಡೆಸುವ ಎಳೆ, ಲಾಕ್ ಹಿಡಿದುಕೊಂಡೇ ಇನ್ನೇನಕ್ಕೋ ಕಾಯುತ್ತಾ ಕೂತಿತ್ತು. ಜೊತೆಗಿರುವ ಸಾಗರದ ಹುಡುಗ ಅದಕ್ಕೆ ಕಿಲ್ ಕೊಟ್ಟ, ಅಂದರೆ ನಿಲ್ಲಿಸು ಅನ್ನುವ ಆದೇಶ.

"ಅಕ್ಕಾ, ಪಟ್ಟಿಯಲ್ಲಿ ಕಿಲ್ಡ್ ಅಂತ ತೋರಿಸ್ತಿದೆ. ಆದ್ರೆ ಹೋಗ್ತಾನೇ ಇಲ್ಲ. ಹೊರಗಿಂದಲೇ ಥ್ರೆಡ್ ಕ್ಯಾನ್ಸಲ್ ಮಾಡಿಬಿಡೋಣ್ವಾ?"

ಬೇಡವೇ ಬೇಡ ಅಂದೆ. ಕಂಡೀಷನ್ ವೇಟ್ ಅಂದರೆ ಯಾರಾದರೂ ಸಿಗ್ನಲ್ ಕೊಟ್ಟು ಎಬ್ಬಿಸಲಿ ಅಂತ ಥ್ರೆಡ್ ಮಲಗುವುದು. ಮಲಗುವಾಗ ಅದು ತನ್ನ ಮ್ಯೂಟೆಕ್ಸ್, ಅಂದರೆ ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ, ಬಿಟ್ಟಿರುತ್ತದೆ. ಕಂಡೀಷನ್ ವೇಟ್‌ನಲ್ಲಿರುವ ಪಿಥ್ರೆಡ್ (ಯುನಿಕ್ಸ್ ಬಗೆಯ ಥ್ರೆಡ್) ಅನ್ನು ಕ್ಯಾನ್ಸಲ್ ಮಾಡಿದರೆ ಅದು ಮೊದಲು ಮ್ಯೂಟೆಕ್ಸನ್ನು ಮತ್ತೆ ಹಿಡಿಯುತ್ತದೆ. ಅದನ್ನು ಬಿಡಿಸುವ ಕ್ಲೀನಪ್ ಹ್ಯಾಂಡ್ಲರ್ (ಥ್ರೆಡ್ ಸಾಯುವ ಮುಂಚೆ ಓಡುವ ಕೋಡ್) ಇಲ್ಲದಿದ್ದರೆ ಥ್ರೆಡ್ ಸತ್ತ ಮೇಲೂ ಮ್ಯೂಟೆಕ್ಸ್ ಬೀಗ ಬಿದ್ದ ಹಾಗೇ ಉಳಿಯುತ್ತದೆ. ಆಮೇಲೆ ಇಡೀ ಸರ್ವರ್ ನಿಂತಂತೆಯೇ. ಥ್ರೆಡ್‌ಗೆ ಹೇಳಬೇಕು, ಎಬ್ಬಿಸಬೇಕು. ಹಿಡಿದದ್ದನ್ನೆಲ್ಲ ಬಿಟ್ಟು ಅದೇ ಹೊರಗೆ ಬರಬೇಕು.

ಸದ್ಯಕ್ಕೆ ಸರ್ವರ್ ರೀಸ್ಟಾರ್ಟ್ ಮಾಡಿ ಮಂಡಿಯ ಕೆಲಸ ಶುರು ಮಾಡಿಸಿದೆವು. ಅದಕ್ಕೂ ಮೊದಲು ಜಿಡಿಬಿ ಎಂಬ ಡೀಬಗರ್‌ನಲ್ಲಿ, ಯಾವುದು ಕೋಡಿನ ಎಲ್ಲಿ ನಿಂತಿದೆ ಅಂತ ತೋರಿಸುವ, ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆದಿಟ್ಟುಕೊಂಡಿದ್ದೆವು. ಕಿಲ್ ಫ್ಲ್ಯಾಗ್, ಅಂದರೆ ನಿಲ್ಲಬೇಕು ಅನ್ನುವ ಗುರುತು, ಬಿದ್ದಿದೆ, ಆದರೂ ಥ್ರೆಡ್ ನಿದ್ದೆಯಲ್ಲಿದೆ. ಯಾಕೆ? ಕಾಯುವವನು, ಅಂದರೆ ಆ ಥ್ರೆಡ್, ಫ್ಲ್ಯಾಗ್ ನೋಡಿದ, ಇನ್ನೂ ಬಿದ್ದಿರಲಿಲ್ಲ. ಮಲಗುವ ಮುಂಚಿನ ಆ ಕ್ಷಣದಲ್ಲೇ ಕಿಲ್ ಮಾಡುವವನು (ಕಿಲ್ ಆದೇಶ ಓಡಿಸುವ ಥ್ರೆಡ್) ಫ್ಲ್ಯಾಗ್ ಹಾಕಿ ಸಿಗ್ನಲ್ ಕೊಟ್ಟ. ಅದನ್ನು ಕೇಳಲು ಆಗ ಯಾರೂ ಇರಲಿಲ್ಲ. ಆಮೇಲೆ ಇವನು ಮಲಗಿದ, ಎಬ್ಬಿಸುವವರೇ ಇಲ್ಲ.

ಇದು ಸುಮ್ನೆ ಊಹೆ ಆಗಬಾರದು ಅಲ್ವಾ? ಫ್ಲ್ಯಾಗ್ ನೋಡುವ ಸಾಲಿಗೂ ವೇಟ್ ಸಾಲಿಗೂ ನಡುವೆ ಎರಡು ಸೆಕೆಂಡಿನ ಸ್ಲೀಪ್ ಹಾಕಿದೆವು. ಆ ಸಮಯಕ್ಕೇ ಕಿಲ್ ಕೊಟ್ಟರೆ ಪ್ರತಿ ಸಲವೂ ಥ್ರೆಡ್ ಹಾಗೇ ಸಿಕ್ಕಿಬಿತ್ತು. ನನಗೆ ಅಷ್ಟು ಖುಷಿಯಾದದ್ದು ಕಡಿಮೆ.

ಕಾಯುವವನು ಫ್ಲ್ಯಾಗ್ ನೋಡುವುದರಿಂದ ಮಲಗುವವರೆಗೆ ಮ್ಯೂಟೆಕ್ಸ್ ಹಿಡಿದಿರುತ್ತಾನೆ. ಹಾಗಾಗಿ ಕಿಲ್ ಮಾಡುವವನೂ ಅದೇ ಮ್ಯೂಟೆಕ್ಸ್ ಹಿಡಿದೇ ಸಿಗ್ನಲ್ ಕೊಟ್ಟರೆ ಆ ನಡುವಿನ ಕ್ಷಣ ಸಿಗುವುದಿಲ್ಲ. ಆದರೆ ಯಾವ ಮ್ಯೂಟೆಕ್ಸ್ ಅಂತ ಅವನಿಗೆ ಹೇಗೆ ಗೊತ್ತು? ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಥ್ರೆಡ್ ಮಲಗುವ ಮುಂಚೆ ತನ್ನ ಮ್ಯೂಟೆಕ್ಸನ್ನೂ ಕಂಡೀಷನ್ನನ್ನೂ ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ನಾವೂ ಹಾಗೇ ಮಾಡಿದೆವು. ಇಲ್ಲೊಂದು ಅಪಾಯವಿದೆ. ಕಿಲ್ ಮಾಡುವವನು ಮೊದಲು ದಾಖಲೆಯ ಲಾಕ್, ಆಮೇಲೆ ಮ್ಯೂಟೆಕ್ಸ್ ಹಿಡಿಯುತ್ತಾನೆ. ಎದ್ದವನು ಮ್ಯೂಟೆಕ್ಸ್ ಹಿಡಿದುಕೊಂಡೇ ದಾಖಲೆ ಅಳಿಸಲು ಹೋದರೆ ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ಡೆಡ್‌ಲಾಕ್. ಹಾಗಾಗಿ ಎದ್ದವನು ಮೊದಲು ಮ್ಯೂಟೆಕ್ಸ್ ಬಿಡಬೇಕು. ಮೈಎಸ್‌ಕ್ಯೂಎಲ್ ಸೋರ್ಸ್‌ನಲ್ಲಿ ಈ ಎಚ್ಚರಿಕೆಯನ್ನು ಕಾಮೆಂಟಾಗಿಯೇ ಬರೆದಿದ್ದಾರೆ. ಅದನ್ನು ಬರೆದವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಸಿಗ್ನಲ್ ತೆಗೆದು, ಕಾಯುವ ಎಲ್ಲರನ್ನೂ ಎಬ್ಬಿಸುವ ಬ್ರಾಡ್‌ಕಾಸ್ಟ್ ಹಾಕಿದೆವು. ಒಂದೇ ಕಂಡೀಷನ್ ಮೇಲೆ ಹಲವರು ಕಾಯುತ್ತಿದ್ದರೆ ಸಿಗ್ನಲ್‌ಗೆ ಬೇರೆಯವನೇ ಎದ್ದುಬಿಡಬಹುದು. ಕಾರಣವಿಲ್ಲದೆ ಏಳುವುದೂ ಉಂಟು, ಅದಕ್ಕೇ ವೇಟ್ ಯಾವಾಗಲೂ ಎದ್ದಾಗೆಲ್ಲ ಮತ್ತೆ ಪರೀಕ್ಷಿಸುವ ವೈಲ್ ಲೂಪಿನೊಳಗೇ ಇರಬೇಕು.

ಸಂಜೆ ಮತ್ತೆ ಪರೀಕ್ಷೆ ಮಾಡಿದಾಗ ಕಿಲ್ ಕೊಟ್ಟ ತಕ್ಷಣ ಥ್ರೆಡ್ ಎದ್ದು, ಅರ್ಧ ಮಾಡಿದ್ದನ್ನು ಅಳಿಸಿ, ಅಂದರೆ ರೋಲ್‌ಬ್ಯಾಕ್ ಮಾಡಿ, ಹೊರಟುಹೋಯಿತು. ಹುಡುಗ ಪಟ್ಟಿ ನೋಡುತ್ತಾ ಇನ್ನೊಂದು ಪ್ರಶ್ನೆ ಕೇಳಿದ: "ಕ್ಲೈಂಟ್ ಏನಾದ್ರೂ ಕಳಿಸ್ತಾನಾ ಅಂತ ಸಾಕೆಟ್ ರೀಡ್‌ನಲ್ಲಿ ಕೂತಿರೋದನ್ನ ಏನ್ ಮಾಡೋದಕ್ಕಾ?" ಒಳ್ಳೆ ಪ್ರಶ್ನೆ. ಅದು ಯಾವ ಕಂಡೀಷನ್ನಿಗೂ ಕಾಯುತ್ತಿಲ್ಲ, ಬ್ರಾಡ್‌ಕಾಸ್ಟ್ ಅದಕ್ಕೆ ಮುಟ್ಟುವುದಿಲ್ಲ. ಕ್ಲೈಂಟ್ ಜೊತೆಗಿನ ಕೊಂಡಿಯಾದ ಸಾಕೆಟ್ಟನ್ನೇ ಶಟ್‌ಡೌನ್ ಮಾಡಿ ಎಬ್ಬಿಸಬೇಕು. ಆ ಭಾಗವನ್ನು ಅವನೇ ಬರೆಯಲಿ ಅಂತ ಬಿಟ್ಟೆ.