ಕಡಮತ್ ದಿನಚರಿ: ನೀರು ಇಳಿದ ಸಂಜೆ

1 ಮಾರ್ಚ್ 2025, ಶನಿವಾರ
ಕಡಮತ್, ಲಕ್ಷದ್ವೀಪ

ಈ ವರ್ಷ ಕಡಲಿನ ದೊಡ್ಡ ಇಳಿತಗಳಲ್ಲಿ ಇವತ್ತಿನದೂ ಒಂದು. ಬುಧವಾರ ಶಿವರಾತ್ರಿ ಆಯ್ತು, ಮರುದಿನ ಅಮಾವಾಸ್ಯೆ. ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯೋದು, ಹಾಗಾಗಿ ಇವತ್ತು ಮತ್ತು ನಾಳೆಯೇ ನೋಡಬೇಕಾದ ದಿನಗಳು. ಅದರ ಮೇಲೆ ಚಂದ್ರ ಇವತ್ತು ರಾತ್ರಿ ಭೂಮಿಗೆ ತೀರಾ ಹತ್ತಿರ ಬರ್ತಾನೆ. ಮಾರ್ಚ್ ಬೇರೆ. ಹಗಲು ರಾತ್ರಿ ಸಮ ಆಗುವ ಕಾಲ ಹತ್ತಿರ, ಸೂರ್ಯ ಚಂದ್ರ ಇಬ್ಬರ ಎಳೆತವೂ ಒಂದೇ ಸಾಲಿಗೆ ಬರುತ್ತೆ. ಮೂರೂ ಕೂಡಿಬಂದಿವೆ.

ಅಷ್ಟಾದರೂ ಇಲ್ಲಿ ಏರಿಳಿತ ಒಂದೂವರೆ ಮೀಟರ್ ಒಳಗೇ. ಗುಜರಾತಿನ ಭಾವನಗರದಲ್ಲಿ ಇಂಥ ದಿನ 10 ಮೀಟರ್ ಆದರೂ ಅಲ್ಲಿಯವರಿಗೆ ಅಚ್ಚರಿ ಇಲ್ಲ, ಖಂಭಾತ್ ಕೊಲ್ಲಿ ಒಳಗೆ ಹೋದಷ್ಟೂ ಕಿರಿದಾಗುತ್ತೆ, ನೀರಿಗೆ ಮೇಲೇಳದೆ ಬೇರೆ ದಾರಿ ಇಲ್ಲ. ಇಲ್ಲಿ ಸುತ್ತ ಆಳವಾದ ಬಯಲು ಸಾಗರ, ನೀರನ್ನು ಒತ್ತುವಂಥದ್ದು ಏನೂ ಇಲ್ಲ. ಆದರೆ ನೆಲವೇ ಕಡಲಿಗಿಂತ ಒಂದೆರಡು ಮೀಟರ್ ಎತ್ತರ ಇರುವ ಕಡೆ ಒಂದು ಮೀಟರ್ ನೀರು ಸಣ್ಣ ವಿಷಯ ಅಲ್ಲ. ಏಡಿ, ಹಕ್ಕಿ, ಬಾವಿ, ದೋಣಿ, ಎಲ್ಲವೂ ಆ ಒಂದು ಮೀಟರ್ ನೋಡಿಕೊಂಡೇ ನಡೆಯುತ್ತವೆ.

ಕಡಮತ್ ಉದ್ದ ಸುಮಾರು 9 ಕಿಲೋಮೀಟರ್. ಅಗಲ ಮಾತ್ರ ತೀರಾ ಕಮ್ಮಿ, ದೊಡ್ಡ ಕಡೆಯಲ್ಲೂ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ತೆಂಗಿನ ತೋಟದೊಳಗೆ ಸುಮ್ನೆ ನಡೆದುಕೊಂಡು ಹೋಗಬಹುದು. ಪಶ್ಚಿಮಕ್ಕೆ ಲಗೂನ್, ಅಂದರೆ ಆಳವಿಲ್ಲದ ಶಾಂತ ನೀರು, ಅದರಾಚೆ ಅಲೆ ಒಡೆಯುವ ಹವಳದ ದಿಬ್ಬ. ಪೂರ್ವಕ್ಕೆ ದಡಕ್ಕೆ ಅಂಟಿಕೊಂಡ ಕಿರಿದಾದ ದಿಬ್ಬ, ಅದು ಮುಗಿದ ಕೂಡಲೇ ಆಳ. ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, 1956ರ ನವೆಂಬರ್ 1ಕ್ಕೆ ಮುಂಚೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ದ್ವೀಪಗಳೆಲ್ಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಲ್ಲಿಯವರು ತೆಂಗಿನ ನಾರಿನ ಹುರಿ ಕೊಟ್ಟು ಮಂಗಳೂರಿಂದ ಅಕ್ಕಿ ತರುತ್ತಿದ್ದರು.

ಮಧ್ಯಾಹ್ನ ನೀರು ತುಂಬಿದ ಹೊತ್ತಿಗೆ ಉಳಿದುಕೊಂಡಿರುವ ಮನೆಯ ಬಾವಿ ಬಗ್ಗಿ ನೋಡಿದೆ. ಬೆಳಗ್ಗೆ ಕಂಡಿದ್ದ ಒದ್ದೆ ಗೆರೆ ನೀರಿನೊಳಗೆ ಹೋಗಿತ್ತು. ಮಳೆ ಇಲ್ಲ, ಯಾರೂ ನೀರು ಸುರಿದಿಲ್ಲ. ಕಡಲು ಏರಿದ್ದಕ್ಕೆ ಬಾವಿಯೂ ಸ್ವಲ್ಪ ತಡವಾಗಿ ಏರಿತ್ತು. ಈ ದ್ವೀಪಗಳಲ್ಲಿ ಹೊಳೆ ಇಲ್ಲ, ತೊರೆ ಇಲ್ಲ. ಮಳೆನೀರು ಮರಳಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತೆ, ಸಿಹಿನೀರು ಹಗುರ ಅಲ್ವಾ. ಲೆಕ್ಕದ ಪ್ರಕಾರ ಕಡಲಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ 40 ಅಡಿಯಷ್ಟು ಇರಬೇಕು. ನಿಜದಲ್ಲಿ ಅಷ್ಟು ಇರೋದಿಲ್ಲ, ದಿನಾ ಏರಿಳಿಯುವ ನೀರು ಎರಡನ್ನೂ ಅಂಚಿನಲ್ಲಿ ಕಲಸುತ್ತಾ ಇರುತ್ತೆ. ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಲ್ಲಿ ಕಡಲನೀರಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಕಟ್ಟಿದ್ದು ಇದೇ ಕಷ್ಟಕ್ಕೆ. ಮನೆಯ ಯಜಮಾನರು, ನಾನು ಇಕ್ಕ ಅಂತಲೇ ಕರೆಯೋದು, ಬಾವಿಗೆ ಈಗಲೂ ಕೊಡವನ್ನೇ ಇಳಿಸ್ತಾರೆ. ಪಂಪು ಇದೆ. ಬೇಸಿಗೆ ಮುಗಿಯುವವರೆಗೆ ಅದನ್ನು ಮುಟ್ಟಲ್ಲ ಅಂದರು.

ಆಮೇಲೆ ಲಗೂನಿನ ಕಡೆ ಹೋದೆ. ನೀರು ತುಂಬಿದಾಗ ಹಸಿರು ಕಡಲಾಮೆಗಳು ದಡದ ಹತ್ತಿರದವರೆಗೂ ಬರ್ತವೆ. ಒಂದು ನನ್ನಿಂದ ಮೂರ್ನಾಲ್ಕು ಮಾರು ದೂರದಲ್ಲಿ ತಲೆ ಎತ್ತಿ ಬುಸ್ ಅಂತ ಉಸಿರು ಬಿಟ್ಟು ಮತ್ತೆ ಮುಳುಗಿತು. ನೋಡೋಕೆ ಖುಷಿ. ಮೀನುಗಾರರಿಗೆ ಅಷ್ಟು ಖುಷಿ ಇಲ್ಲ, ಅವರ ಬೇಸರಕ್ಕೆ ಕಾರಣವೂ ಇದೆ. ಆಮೆಗಳು ಮೇಯೋದು ಕಡಲ ಹುಲ್ಲು. ಅಗತ್ತಿ ದ್ವೀಪದಲ್ಲಿ ಒಂದು ಕಾಲಕ್ಕೆ ಆಮೆಗಳು ಎಷ್ಟು ಸೇರಿದವು ಅಂದರೆ ಹುಲ್ಲುಗಾವಲನ್ನು ಬುಡದವರೆಗೆ ಮೇಯ್ದು ಬಿಟ್ಟವು, ಅಲ್ಲಿ ಮುಗಿದ ಮೇಲೆ ಬೇರೆ ದ್ವೀಪಗಳ ಹುಲ್ಲಿಗೆ ಹೋದವು. ಹುಲ್ಲು ಹೋದರೆ ಅದರಲ್ಲಿ ಮರಿಮೀನುಗಳಿಗಿದ್ದ ಆಸರೆಯೂ ಹೋಯ್ತು. ಆಮೆಗೆ ಕಾನೂನಿನ ರಕ್ಷಣೆ ಇರೋದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆಮೆ ತಿನ್ನುವ ದೊಡ್ಡ ಶಾರ್ಕ್‌ಗಳನ್ನು ಹಿಡಿದು ಖಾಲಿ ಮಾಡಿ ಆಮೆಯನ್ನು ಮಾತ್ರ ಕಾಯ್ತೀವಿ ಅಂದರೆ ಹುಲ್ಲಿನ ಗತಿ ಏನು? ಮೀನುಗಾರರ ದೂರನ್ನು ಪ್ರಾಣಿದ್ವೇಷ ಅಂತ ತಳ್ಳಿಹಾಕಬಾರದು.

ಸಂಜೆ ನಾಲ್ಕರ ಮೇಲೆ ಇಕ್ಕನ ಜೊತೆ ಪೂರ್ವದ ದಿಬ್ಬಕ್ಕೆ ಇಳಿದೆ. ಈ ಕಡಲಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತ ಬರೋದು ಮುಂಜಾವು ಮತ್ತು ಸಂಜೆ. ಇದು ಹವಳಕ್ಕೆ ದೊಡ್ಡ ಉಪಕಾರ. ನಡುಮಧ್ಯಾಹ್ನದ ಬಿಸಿಲಿಗೆ ಮೈ ಒಡ್ಡಬೇಕಾಗಿದ್ದರೆ ದಿಬ್ಬದ ಮೇಲೆ ಏನೂ ಉಳಿಯುತ್ತಿರಲಿಲ್ಲವೇನೋ.

ನೀರು ಹಿಂದೆ ಸರಿದಷ್ಟೂ ಸಣ್ಣ ಸಣ್ಣ ಹೊಂಡಗಳು ಬೇರೆಬೇರೆ ಆಗ್ತಾ ಬಂದವು. ಒಂದರಲ್ಲಿ ಕಪ್ಪು ಕಡಲಸೌತೆಗಳು, ಸೌತೆಕಾಯಿ ಆಕಾರದ ಮೆತ್ತನೆ ಪ್ರಾಣಿಗಳು, ಮರಳು ಮೆತ್ತಿಕೊಂಡು ಬಿದ್ದಿದ್ದವು. ಅವು ಮರಳನ್ನೇ ನುಂಗಿ, ಅದರಲ್ಲಿರುವ ಕೊಳೆತದ್ದನ್ನು ತಿಂದು, ಚೊಕ್ಕ ಮರಳನ್ನು ಹೊರಗೆ ಬಿಡುತ್ತವೆ. 2001ರಿಂದ ಭಾರತದಲ್ಲಿ ಇವನ್ನು ಹಿಡಿಯೋದು ಅಪರಾಧ, ಆದರೂ ಕಳ್ಳಸಾಗಣೆ ನಿಂತಿಲ್ಲ. 2020ರಲ್ಲಿ ಚೆರಿಯಪಾಣಿ ದಿಬ್ಬದ ಸುತ್ತ 239 ಚದರ ಕಿಲೋಮೀಟರ್ ಕಡಲನ್ನು ಇವುಗಳಿಗಾಗಿಯೇ ಮೀಸಲಿಟ್ಟರು. ಒಳ್ಳೆಯ ಕೆಲಸ ಅದು. ಪಕ್ಕದ ಕಲ್ಲಿನ ಅಡಿಯಲ್ಲಿ ಜೀವಂತ ಕವಡೆ ಇತ್ತು. ನಾವು ಚೌಕಾಬಾರಕ್ಕೆ ಎಸೆಯುವ ಅದೇ ಹಳದಿ ಕವಡೆ, ಆದರೆ ಇಲ್ಲಿ ಅದರ ಮೈಪೊರೆ ಚಿಪ್ಪಿನ ಎರಡೂ ಕಡೆಯಿಂದ ಮೇಲೆ ಹತ್ತಿ ಮುಚ್ಚಿಕೊಂಡಿರುತ್ತೆ, ಬೆರಳ ನೆರಳು ಬಿದ್ದ ಕೂಡಲೇ ನಿಧಾನಕ್ಕೆ ಒಳಗೆ ಎಳೆದುಕೊಳ್ಳುತ್ತೆ. ಚಿಪ್ಪು ಅಷ್ಟು ಹೊಳೆಯೋದು ಆ ಪೊರೆಯಿಂದಲೇ. ಕಲ್ಲನ್ನು ಇದ್ದ ಹಾಗೇ ಮಗುಚಿಟ್ಟೆ.

ಇಕ್ಕ ಕೈಯಲ್ಲಿ ಸಣ್ಣ ಕಬ್ಬಿಣದ ಸರಳು ಹಿಡಿದು ಆಕ್ಟೋಪಸ್ ಹುಡುಕುತ್ತಿದ್ದರು. ಬಿಲ ಹುಡುಕಬೇಡ, ಕಸ ಹುಡುಕು ಅಂದರು. ಆಕ್ಟೋಪಸ್ ತಿಂದ ಏಡಿಯ ಚಿಪ್ಪು, ಕಪ್ಪೆಚಿಪ್ಪು ಎಲ್ಲ ಬಾಗಿಲ ಮುಂದೆ ಗುಡ್ಡೆ ಹಾಕಿರುತ್ತೆ. ಅಂಥ ಒಂದು ಗುಡ್ಡೆಯ ಹಿಂದೆ ನನಗೆ ಬರೀ ಕಲ್ಲು ಕಾಣ್ತಿತ್ತು. ಅವರು ಸರಳಿನ ತುದಿ ತೋರಿಸಿ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಕಲ್ಲಿನ ನಡುವೆ ಒಂದು ಕಣ್ಣು ಕಂಡಿತು, ಅಡ್ಡ ಗೆರೆಯಂಥ ಕಪ್ಪು ಪಾಪೆ. ಕಣ್ಣು ಸಿಕ್ಕ ಮೇಲೆ ಸುತ್ತಲಿನ ಕಲ್ಲು ಉಸಿರಾಡ್ತಿರೋದು ಗೊತ್ತಾಯ್ತು. ಮೈ ಕಂದು ಇದ್ದದ್ದು ನೋಡ್ತಾ ನೋಡ್ತಾ ಬಿಳಿಚಿಕೊಂಡು ಮತ್ತೆ ಕಂದಾಯ್ತು. ಅದು ಚಿಕ್ಕದು. ಇಕ್ಕ ಸರಳು ಹಿಂದಕ್ಕೆ ತಗೊಂಡು, "ಬಿಡು, ಬೇಗ ಬೆಳೆಯುತ್ತೆ ಇದು, ಹಬ್ಬ ಕಳೆದ ಮೇಲೆ ನೋಡೋಣ" ಅಂತ ಮುಂದೆ ನಡೆದರು.

ದಿಬ್ಬದ ಅಂಚಿನಲ್ಲಿ ಟರ್ನ್‌ಸ್ಟೋನ್ ಹಕ್ಕಿಗಳ ಗುಂಪು. ಚಿಕ್ಕ ಕೊಕ್ಕನ್ನು ಹವಳದ ಚೂರಿನ ಅಡಿಗೆ ತೂರಿಸಿ ಟಪ್ಪಂತ ಮಗುಚೋದು, ಅಡಿಯಲ್ಲಿರೋದನ್ನ ಹೆಕ್ಕೋದು, ಮುಂದಿನ ಚೂರಿಗೆ ಓಡೋದು. ಇವು ಮರಿ ಮಾಡೋದು ಆರ್ಕ್ಟಿಕ್ ತೀರದಲ್ಲಿ. ಇನ್ನೇನು ಏಪ್ರಿಲ್, ಮೇ ಹೊತ್ತಿಗೆ ಹೊರಡಬೇಕು, ಅದಕ್ಕೆ ಮುಂಚೆ ಮೈಗೆ ಕೊಬ್ಬು ತುಂಬಿಕೊಳ್ಳಬೇಕು. ಇವಕ್ಕೆ ಹಗಲು ರಾತ್ರಿಗಿಂತ ನೀರಿನ ಹೊತ್ತೇ ಮುಖ್ಯ. ರಾತ್ರಿ ಇಳಿದರೆ ರಾತ್ರಿಯೇ ಮೇವು.

ಇಷ್ಟೆಲ್ಲ ಜೀವ ಇದ್ದರೂ ದಿಬ್ಬ ಚೆನ್ನಾಗಿದೆ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಕವಲು ಹವಳಗಳ ಎಷ್ಟೋ ಪೊದೆಗಳು ಸತ್ತು, ಮೇಲೆ ಪಾಚಿ ಹಿಡಿದು ನಿಂತಿವೆ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಇಲ್ಲಿಯ ಹವಳ ಬಿಳಿಚಿತ್ತು, ಹೋದ ವರ್ಷ 2024ರಲ್ಲಿ ಮತ್ತೆ ಆಯ್ತು. ಚೇತರಿಸಿಕೊಳ್ಳೋಕೆ ಬಿಡುವೇ ಸಿಗ್ತಿಲ್ಲ. ಇದು ಬರೀ ಮೀನಿನ, ಹವಳದ ವಿಷಯ ಅಂದುಕೊಂಡರೆ ತಪ್ಪಾಗುತ್ತೆ. ಈ ದ್ವೀಪ ಇರೋದೇ ಹವಳದ ಪುಡಿಯ ಮೇಲೆ. ಅಲೆ ಒಡೆದ ಚೂರು, ಚಿಪ್ಪು, ಗಿಳಿಮೀನು ಕಲ್ಲು ಕೆರೆದು ತಿಂದು ಹೊರಹಾಕಿದ ಬಿಳಿ ಮರಳು, ಇದೇ ಇಲ್ಲಿಯ ನೆಲ. ಹೊರಗಿನ ದೊಡ್ಡ ಅಲೆಗಳ ಬಲ ಮುರಿಯೋದೂ ಆ ದಿಬ್ಬವೇ. ಅದು ಬೆಳೆಯೋದು ನಿಂತು ಸವೆಯೋಕೆ ಶುರುವಾದರೆ, ಕಡಲಮಟ್ಟ ಬೇರೆ ಏರ್ತಾ ಇರುವಾಗ, ಇವತ್ತಿನಂಥ ಉಬ್ಬರಕ್ಕೆ ಒಂದು ಬಿರುಗಾಳಿ ಜೊತೆಯಾದರೆ ಸಾಕು. ಬಂಗಾರಂ ಹವಳವಲಯದ, ಅಂದರೆ ಲಗೂನನ್ನು ಬಳೆಯಂತೆ ಸುತ್ತಿದ ಹವಳದ ದಿಬ್ಬದ, ಪರಳಿ 1 ಅನ್ನುವ ಜನವಸತಿ ಇಲ್ಲದ ಪುಟ್ಟ ದ್ವೀಪ ಪೂರ್ತಿ ಕೊಚ್ಚಿಹೋಗಿದೆ ಅಂತ 2017ರಲ್ಲೇ ಅಧ್ಯಯನ ಬಂತು. ದಡದುದ್ದಕ್ಕೂ ಕಾಂಕ್ರೀಟ್ ಟೆಟ್ರಾಪಾಡ್, ಅಂದರೆ ಅಲೆ ತಡೆಯುವ ನಾಲ್ಕು ಕಾಲಿನ ದಿಮ್ಮಿ, ಸುರಿಯೋದು ಒಂದು ಜಾಗಕ್ಕೆ ಒಂದಷ್ಟು ಕಾಲ ಆಸರೆ ಆದೀತು, ಆದರೆ ಅದು ಮರಳು ಹುಟ್ಟಿಸಲ್ಲ. ಹಾಕುವ ದುಡ್ಡು, ಗಮನ ಮೊದಲು ದಿಬ್ಬಕ್ಕೆ ಹೋಗಬೇಕು. ಗಿಳಿಮೀನು ಹಿಡಿಯೋದಕ್ಕೆ ಮಿತಿ ಬೇಕು, ಹೂಳೆತ್ತುವಾಗ ಎಚ್ಚರ ಬೇಕು, ಕೊಳಚೆ ಲಗೂನಿಗೆ ಬಿಡಬಾರದು. ಕಡಲಿನ ಬಿಸಿ ಈ ದ್ವೀಪದವರ ಕೈಯಲ್ಲಿಲ್ಲ, ಅದು ನಮ್ಮೆಲ್ಲರ ಹೊಗೆಯ ಲೆಕ್ಕ.

ಸೂರ್ಯ ಇಳಿಯುವ ಹೊತ್ತಿಗೆ ಪಶ್ಚಿಮದ ದಡಕ್ಕೆ ಬಂದೆವು. ಅಲ್ಲಿ ಊರಿನ ಅರ್ಧ ಜನ ಸೇರಿತ್ತು, ರಂಜಾನಿನ ಚಂದ್ರ ನೋಡೋಕೆ. ಮಕ್ಕಳು ದೋಣಿಗಳ ಮೇಲೆ ಹತ್ತಿ ನಿಂತಿದ್ದರು. ಗೆರೆಯಷ್ಟು ಚಂದ್ರ ಕಂಡ ಕೂಡಲೇ ಒಬ್ಬ ಹುಡುಗ ಕೂಗಿದ, ಆಮೇಲೆ ಎಲ್ಲರೂ. ಸಂಜೆಯಿಡೀ ಪೂರ್ವದ ದಿಬ್ಬವನ್ನು ಬರಿದು ಮಾಡಿದ್ದು ಇದೇ ಚಂದ್ರ ಅಂತ ನಾನು ಇಕ್ಕನಿಗೆ ಹೇಳಿದೆ. ಅವರು ನಕ್ಕು, "ಅದು ಇಲ್ಲಿ ಮಗುವಿಗೂ ಗೊತ್ತು" ಅಂದರು.

ನಾಳೆ ಮುಂಜಾವಿನ ಇಳಿತಕ್ಕೆ ಉತ್ತರದ ತುದಿಗೆ ಹೋಗೋದು ಅಂತ ಮಾತಾಗಿದೆ. ಇಕ್ಕ ಉಪವಾಸಕ್ಕೆ ಮುಂಚಿನ ಸಹರಿ ಊಟ ಮುಗಿಸಿ ಬರ್ತಾರೆ. ಅಲ್ಲಿ ಮರಳು ಈ ವರ್ಷ ಎಷ್ಟು ಸರಿದಿದೆ ಅಂತ ತೋರಿಸ್ತೀನಿ ಅಂದಿದ್ದಾರೆ, ಟಾರ್ಚ್ ಚಾರ್ಜಿಗೆ ಹಾಕಿದ್ದೀನಿ.