ಆ ಕಂಬಿ ಯಾಕಂತ ಗೌಂಡಿಗೆ ಯಾರೂ ಹೇಳಿರಲಿಲ್ಲ

ನನಗೆ ಒಂದಕ್ಕೆ ಬಂದಿದೆ ಅಂತ ಗೊತ್ತಾಗುವುದು ಗಡಿಯಾರ ನೋಡಿದಾಗ. ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ. ನಾನು ಗೌಂಡಿ, ಅಂದರೆ ಗಾರೆ ಕೆಲಸದವನಾಗಿದ್ದೆ. 2015ರಲ್ಲಿ ಸೆಂಟ್ರಿಂಗ್ ಮೇಲಿಂದ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ಗಾಲಿಕುರ್ಚಿ. ನಾಲ್ಕರಿಂದ ಆರು ತಾಸಿಗೊಮ್ಮೆ ಕ್ಯಾಥೆಟರ್ ಅನ್ನುವ ಸಣ್ಣ ನಳಿಕೆ ಹಾಕಿ ಮೂತ್ರ ನಾನೇ ಹೊರಗೆ ತೆಗೆಯಬೇಕು. ತಡವಾದರೆ ಪ್ಯಾಂಟು ಒದ್ದೆ. ದಿನಾ ತಡ ಮಾಡಿದರೆ ಸೋಂಕು, ಆಮೇಲೆ ಕಿಡ್ನಿಗೆ ಹೊಡೆತ. ಕೈ ತೊಳೆದಿರಬೇಕು, ನಳಿಕೆ ಎಲ್ಲೂ ತಾಗಬಾರದು, ಐದಾರು ನಿಮಿಷ ಯಾರೂ ನೋಡದ ಜಾಗ ಬೇಕು. ಮನೆಯಲ್ಲಿ ಇದು ಹಲ್ಲುಜ್ಜಿದಷ್ಟೇ ಸಲೀಸು. ಹೊರಗೆ ಹೋಗಬೇಕಾದ ದಿನ ಮಾತ್ರ ಹಿಂದಿನ ರಾತ್ರಿಯಿಂದಲೇ ಲೆಕ್ಕ ಶುರು.

ಏಪ್ರಿಲ್ ಕೊನೇ ವಾರ. ಆ ತಿಂಗಳಲ್ಲಿ ಮನೆ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ. ಆನ್‌ಲೈನಿನಲ್ಲಿ ಕಟ್ಟಬಹುದಲ್ವಾ ಅಂತ ನೀವು ಕೇಳಬಹುದು. ನನ್ನದೇ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ, ಊರಿನವರದೆಲ್ಲ ನಾನೇ ಕಟ್ಟಿಕೊಡುತ್ತೇನೆ. ಆದರೆ ನಮ್ಮವ್ವನ ಹೆಸರು ದಾಖಲೆಯಲ್ಲಿ ತಪ್ಪು ಬಿದ್ದಿತ್ತು. ಅದಕ್ಕೆ ಅರ್ಜಿ, ಸಹಿ, ಮತ್ತೆ ಕಂಪ್ಯೂಟರಿನಲ್ಲಿ ತಿದ್ದುಪಡಿ. ಖುದ್ದಾಗಿ ಹೋಗಲೇಬೇಕು. ಕಲಬುರಗಿ ಜಿಲ್ಲೆಯ ಒಂದು ಪುರಸಭೆ ಅಂತಿಟ್ಟುಕೊಳ್ಳಿ, ಊರ ಹೆಸರು ಬೇಡ. ಹೆಸರು ಬರೆದರೆ ಉಳಿದ ಊರಿನವರು ತಮ್ಮದು ಸರಿ ಇದೆ ಅಂದುಕೊಳ್ಳುತ್ತಾರೆ.

ಬೆಳಗ್ಗೆ ಎಂಟೂವರೆಗೆ ಮನೆಯಲ್ಲಿ ಎಲ್ಲ ಮುಗಿಸಿಕೊಂಡೆ. ಅಂದರೆ ಎರಡೂವರೆ ತನಕ ನೂಕಬಹುದು. ಚಹಾ ಕುಡಿಯಲಿಲ್ಲ. ನೀರು ಎರಡು ಗುಟುಕು. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದೆ ಹೊರಗೆ ಹೊರಡುವುದು ಹುಚ್ಚುತನ, ಗೊತ್ತಿದೆ. ಡಾಕ್ಟರು ನೀರು ಜಾಸ್ತಿ ಕುಡಿ ಅಂತ ಹೇಳಿ ಹೇಳಿ ಸಾಕಾಗಿದ್ದಾರೆ. ಕುಡಿದ ನೀರನ್ನು ಎಲ್ಲಿ ಬಿಡಲಿ ಅಂತ ಅವರೂ ಹೇಳುವುದಿಲ್ಲ.

ಜತೆಗೆ ಅಕ್ಕನ ಮಗ ಬಂದ. ಹತ್ತೊಂಬತ್ತರ ಹುಡುಗ, ಕಾಲೇಜಿಗೆ ಚಕ್ಕರ್ ಹೊಡೆಯಲು ನಾನು ಅವನಿಗೆ ಒಳ್ಳೇ ನೆಪ. ಆಟೋದಲ್ಲಿ ಗಾಲಿಕುರ್ಚಿ ಮಡಚಿ ಹಿಂದೆ ತುರುಕಿ, ಹತ್ತೂವರೆಗೆ ಪುರಸಭೆ ಮುಟ್ಟಿದೆವು.

ಬಾಗಿಲ ಮುಂದೆ ರ‍್ಯಾಂಪ್ ಇತ್ತು. ಅದನ್ನು ನೋಡಿದ ಕೂಡಲೇ ನನ್ನೊಳಗಿನ ಹಳೇ ಗೌಂಡಿ ಎದ್ದು ಕೂತ. ಎರಡು ಮೆಟ್ಟಿಲು, ಕೂಡಿ ಹದಿನಾಲ್ಕು ಇಂಚು ಎತ್ತರ. ಒಂದು ಇಂಚಿನ ಏರಿಗೆ ಹನ್ನೆರಡು ಇಂಚು ಉದ್ದ ಬೇಕು ಅನ್ನುತ್ತದೆ ನಿಯಮ. ಅಂದರೆ ಹದಿನಾಲ್ಕು ಅಡಿ. ಇಲ್ಲಿದ್ದದ್ದು ಐದು ಅಡಿ. ಮೇಲೆ ಪಾಲಿಶ್ ಮಾಡಿದ ಶಹಾಬಾದ್ ಪರಸಿ. ಮಳೆ ಬಂದರೆ ಎರಡು ಕಾಲಿದ್ದವರೂ ಜಾರುತ್ತಾರೆ. ಅಳಿಯ ಹತ್ತು ಹೆಜ್ಜೆ ಹಿಂದಿನಿಂದ ಓಡಿ ಬಂದು ನೂಕಿದ. ಮುಂದಿನ ಗಾಲಿ ಎದ್ದಿತು, ನನ್ನ ಕೈಯಲ್ಲಿದ್ದ ಫೈಲು ಬಿತ್ತು, ಒಳಗೆ ಹೋದೆವು.

‘ಸರ್ವರ್ ಡೌನ್ ಅದ್ರಿ. ಕುಂದ್ರರಿ’ ಅಂದರು ಕೌಂಟರಿನವರು.

‘ಕುಂತೇ ಬಂದೀನ್ರಿ’ ಅಂದೆ. ಅವರು ತಲೆ ಎತ್ತಿ ನೋಡಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಇಬ್ಬರೂ ನಕ್ಕೆವು.

ಹನ್ನೆರಡಾಯಿತು. ಒಂದಾಯಿತು. ಸರ್ವರ್ ಬರಲಿಲ್ಲ. ಮನೆಗೆ ಹೋಗಿ ಬರೋಣ ಅಂದರೆ ಆಟೋಗೆ ನಲವತ್ತು ನಿಮಿಷ, ಮತ್ತೆ ವಾಪಸ್ ನಲವತ್ತು, ಅಷ್ಟರಲ್ಲಿ ಸರ್ವರ್ ಬಂದು ಹೋಗಿರುತ್ತದೆ. ಒಂದೂವರೆಗೆ ಅಳಿಯನಿಗೆ ಸಂಡಾಸ ಎಲ್ಲಿದೆ ನೋಡಿ ಬಾ ಅಂದೆ.

ಖುಷಿಯಿಂದ ಓಡಿ ಬಂದ. ‘ಮಾಮಾ, ನಿಮಗಂತನೇ ಬ್ಯಾರೆ ಅದ! ಬೋರ್ಡ್ ಸುದ್ದಾ ಹಚ್ಯಾರ!’

ನಿಜ. ಕಟ್ಟಡದ ಹಿಂದೆ, ನೀಲಿ ಬೋರ್ಡು, ಗಾಲಿಕುರ್ಚಿಯ ಚಿತ್ರ, ‘ವಿಕಲಚೇತನರ ಶೌಚಾಲಯ’. ಬಾಗಿಲಿಗೆ ದೊಡ್ಡ ಕೀಲಿ.

ಕೀಲಿಕೈ ಯಾರ ಹತ್ತಿರ ಇದೆ ಅನ್ನುವುದು ಮುಂದಿನ ಅರ್ಧ ತಾಸಿನ ಕಥೆ. ಕೌಂಟರಿನವರು ಜವಾನರ ಕಡೆ ಕೈ ತೋರಿಸಿದರು. ಜವಾನರು ಆರೋಗ್ಯ ವಿಭಾಗ ಅಂದರು. ಆರೋಗ್ಯ ವಿಭಾಗದವರು, ‘ಅವ ಊಟಕ್ಕ ಹೋಗ್ಯಾನ್ರಿ, ಬರ್ತಾನ’ ಅಂದರು. ಪಾಪ, ಯಾರೂ ಜಗಳಕ್ಕೆ ಬರಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮುಂದಿನವರ ಕಡೆ ಕಳಿಸಿದರು. ಎರಡು ಗಂಟೆಗೆ ಕೀಲಿಕೈ ಬಂತು, ಹದಿನೈದಿಪ್ಪತ್ತು ಇದ್ದ ಗೊಂಚಲಿನಲ್ಲಿ. ಯಾವುದು ಅಂತ ತಂದವನಿಗೂ ಗೊತ್ತಿರಲಿಲ್ಲ. ಒಂದೊಂದೇ ತುರುಕಿ ನೋಡುತ್ತಾ ಹೋದ. ನಾನು ಕೈಗಡಿಯಾರ ನೋಡುತ್ತಾ ಹೋದೆ.

ಬಾಗಿಲು ತೆರೆದಾಗ ಮೊದಲು ಬಂದದ್ದು ಬ್ಲೀಚಿಂಗ್ ಪೌಡರಿನ ಘಾಟು. ಐದು ಚೀಲ. ಸೊಳ್ಳೆಗೆ ಹೊಗೆ ಹೊಡೆಯುವ ಮಷೀನು. ಕಸಬರಿಗೆ ಕಟ್ಟು. ಮುರಿದ ಪ್ಲಾಸ್ಟಿಕ್ ಕುರ್ಚಿಗಳು. ಸುತ್ತಿಟ್ಟ ಫ್ಲೆಕ್ಸು. ಕಮೋಡಿನ ಮುಚ್ಚಳದ ಮೇಲೆ ಮೂರು ಕೈಚೀಲ, ಒಂದರಿಂದ ರೊಟ್ಟಿ ಕಟ್ಟಿದ ಬಟ್ಟೆಯ ತುದಿ ಹೊರಗೆ ಇಣುಕುತ್ತಿತ್ತು.

‘ಯಾರ್ದಿದು?’ ಅಂತ ಕೀಲಿಯವನು ದನಿ ಏರಿಸಿದ. ಹಿಂದಿನಿಂದ ಪೌರಕಾರ್ಮಿಕ ಅಕ್ಕ ಒಬ್ಬಾಕೆ ಬಂದಳು. ಐವತ್ತು ದಾಟಿದಾಕೆ. ‘ನಮ್ದೇ ಯಪ್ಪಾ. ಎಲ್ಲಿ ಇಡಾಮ್ ಮತ್ತ? ಸೀರಿ ಬದಲ್ ಮಾಡ್ಲಿಕ್ಕ ಒಂದು ಖೋಲಿ ಕೊಡ್ರಿ ಅಂತ ಎಷ್ಟ್ ಸಲ ಕೇಳೀವಿ.’ ಆಮೇಲೆ ನನ್ನ ಕಡೆ ನೋಡಿ, ‘ತಡಿ ತಮ್ಮಾ, ಹೊರಗ ತೆಗಿತೀನಿ’ ಅಂತ ತಾನೇ ಚೀಲ ಎಳೆಯಲು ಶುರು ಮಾಡಿದಳು. ಅಳಿಯನೂ ಕೈ ಹಚ್ಚಿದ. ಐದು ನಿಮಿಷದಲ್ಲಿ ಅಂಗಳ ತುಂಬಿತು. ನನ್ನ ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದಿತ್ತು. ಬೆಳಗ್ಗೆ ಐದಕ್ಕೆ ಬಂದು ಊರು ಗುಡಿಸುವ ಹೆಣ್ಣುಮಕ್ಕಳು ಬುತ್ತಿ ಇಡಲು ಜಾಗವಿಲ್ಲದೆ ನನ್ನ ಕಮೋಡಿನ ಮೇಲೆ ಇಟ್ಟಿದ್ದರೆ ಯಾರ ಮೇಲೆ ಸಿಟ್ಟಾಗಲಿ?

ಬಾಗಿಲು ಎರಡೂವರೆ ಅಡಿಯದು. ಚೌಕಟ್ಟಿನ ಒಳಗೆ ಇಪ್ಪತ್ತೆಂಟು ಇಂಚು. ನನ್ನ ಕುರ್ಚಿ ಇಪ್ಪತ್ತೈದು. ಎರಡೂ ಕಡೆ ಒಂದೂವರೆ ಇಂಚು ಉಳಿಯಿತು, ಗಾಲಿ ತಿರುಗಿಸುವ ಬೆರಳು ಎಲ್ಲಿ ಹೋಗಬೇಕು? ಬಲಗೈ ಗೆಣ್ಣಿನ ಚರ್ಮ ಕಿತ್ತಿತು. ಒಳಗೆ ಹೋದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅದು ನನ್ನ ಹಿಂದಿನ ಗಾಲಿಗೆ ಬಡಿದು ನಿಂತಿತು. ಕುರ್ಚಿ ಒಳಗಿದ್ದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚಬೇಕಾದರೆ ಕುರ್ಚಿ ಹೊರಗಿರಬೇಕು. ತಿರುಗಿಕೊಳ್ಳಲು ಐದು ಅಡಿ ಅಗಲದ ಜಾಗ ಬೇಕು. ಅದೂ ಇಲ್ಲ.

ಅಳಿಯ ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ಹೊರಗೆ ಬಿದ್ದಿದ್ದ ಫ್ಲೆಕ್ಸ್ ಬಿಚ್ಚಿದ. ಯಾರೋ ಮುಖಂಡರ ಹುಟ್ಟುಹಬ್ಬದ್ದು. ಮಧ್ಯೆ ದೊಡ್ಡ ಮುಖ, ಸುತ್ತ ಶುಭ ಕೋರುವವರ ಮೂವತ್ತು ಸಣ್ಣ ಮುಖ. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅಕ್ಕ ಹಿಡಿದಳು. ಇಬ್ಬರೂ ಆ ಕಡೆ ಮುಖ ಮಾಡಿ ನಿಂತರು. ಬಣ್ಣದ ಕಡೆ ನನ್ನ ಕಡೆಗಿತ್ತು. ಮೂವತ್ತೊಂದು ಜನ ಕೈಮುಗಿದು ನಗುತ್ತಾ ನೋಡುತ್ತಿದ್ದರು.

ಕಮೋಡಿಗೆ ಇಳಿಯುವ ಧೈರ್ಯ ಮಾಡಲಿಲ್ಲ. ಹಿಡಿದುಕೊಳ್ಳಲು ಕಂಬಿ ಇತ್ತು, ಇಲ್ಲ ಅನ್ನುವುದಿಲ್ಲ. ಹಿಂದಿನ ಗೋಡೆಗೆ, ಟವೆಲ್ ಹಾಕುವ ಎತ್ತರದಲ್ಲಿ. ಸುಮ್ನೆ ಕೈ ಚಾಚಿ ಎಳೆದೆ. ಟೈಲ್ಸ್ ಸಮೇತ ಕೈಗೆ ಬಂತು. ಸ್ಕ್ರೂ ಹಿಡಿದಿದ್ದು ಟೈಲ್ಸನ್ನು, ಇಟ್ಟಂಗಿಯವರೆಗೆ ಹೋಗಿರಲೇ ಇಲ್ಲ. ಭಾರ ಬಿಟ್ಟಿದ್ದರೆ ಇನ್ನೊಮ್ಮೆ ಬೀಳುತ್ತಿದ್ದೆ. ಕುರ್ಚಿಯಲ್ಲೇ ಕೂತು ಕೆಲಸ ಮುಗಿಸಿದೆ. ನಳದಲ್ಲಿ ನೀರಿರಲಿಲ್ಲ. ಬೆಳಗ್ಗಿನಿಂದ ಕುಡಿಯದೆ ಉಳಿಸಿದ್ದ ಬಾಟಲಿ ನೀರಿನಲ್ಲಿ ಮೊದಲೂ ಆಮೇಲೂ ಕೈ ತೊಳೆದೆ. ಎರಡು ಗಂಟೆ ಇಪ್ಪತ್ತೆರಡು ನಿಮಿಷ.

ಇಷ್ಟಕ್ಕೆ ಶೌಚಾಲಯ ಯಾಕೆ, ಆಟೋದಲ್ಲಿ ಪರದೆ ಇಳಿಸಿ ಬಾಟಲಿಗೆ ಮುಗಿಸಬಹುದಲ್ಲ ಅನ್ನುವವರಿದ್ದಾರೆ. ಮುಗಿಸಿದ್ದೇನೆ, ಬಹಳ ಸಲ. ನಾನು ಗಂಡಸು, ನಡೆಯುತ್ತದೆ. ನನ್ನ ಅಂಗಡಿಗೆ ಬರುವ ಒಬ್ಬ ಹುಡುಗಿ ಇದ್ದಾಳೆ, ನನ್ನ ಹಾಗೇ ಗಾಲಿಕುರ್ಚಿಯವಳು. ಅವಳು ಯಾವುದೇ ಕಚೇರಿಗೆ ಹೋಗುವ ದಿನ ಡೈಪರ್ ಹಾಕಿಕೊಂಡು ಹೊರಡುತ್ತಾಳೆ. ಈ ಬಿಸಿಲಿನಲ್ಲಿ.

ಆ ಕಿತ್ತ ಕಂಬಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಇದನ್ನು ಕಟ್ಟಿದವನು ನಾನಲ್ಲ. ಆದರೆ ನನ್ನಂಥವನೇ. 2013ರಲ್ಲಿ ಬೇರೊಂದು ಊರಿನ ಮಳಿಗೆಗಳಲ್ಲಿ ಇಂಥದೇ ಒಂದು ನಾನು ಕಟ್ಟಿದ್ದೆ. ನಕ್ಷೆಯಲ್ಲಿ ಬಾಗಿಲು ಮೂರಡಿ ಇತ್ತು. ಬಂದದ್ದು ಎರಡೂವರೆಯದು, ಉಳಿದ ಸಂಡಾಸಿಗೆಲ್ಲ ತಂದ ಲಾಟಿನದೇ. ಗುತ್ತಿಗೆದಾರರನ್ನು ಕೇಳಿದೆ. ‘ಕೂಡ್ಸು, ಯಾರ್ ಬರ್ತಾರ ಇಲ್ಲಿ’ ಅಂದರು. ಕೂಡಿಸಿದೆ. ಕಂಬಿ ಎಲ್ಲಿ ಅಂದಾಗ, ‘ಎಲ್ಲಿ ಜಾಗ ಅದ ಅಲ್ಲಿ ಹೊಡಿ, ಫೋಟೋದಾಗ ಕಾಣಬೇಕು’ ಅಂದರು. ಹೊಡೆದೆ. ಅದು ಒಬ್ಬ ಮನುಷ್ಯನ ಪೂರ್ತಿ ಭಾರ ಹೊರುವ ಕಂಬಿ, ಒಂದು ಕೈ ಅದರ ಮೇಲೆ ಊರಿ ಮೈ ಎತ್ತಿ ಕಮೋಡಿಗೆ ಜರುಗುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎರಡು ವರ್ಷಕ್ಕೆ ನನ್ನ ಬೆನ್ನು ಹೇಳಿಕೊಟ್ಟಿತು.

ಗದ್ದಲ ಕೇಳಿ ಎಂಜಿನಿಯರ್ ಮೇಡಂ ಬಂದರು. ಚಿಕ್ಕ ವಯಸ್ಸಿನವರು, ಹೊಸದಾಗಿ ಬಂದಿರಬೇಕು. ಫ್ಲೆಕ್ಸ್ ಹಿಡಿದು ನಿಂತ ಇಬ್ಬರನ್ನು ನೋಡಿ, ಒಳಗೆ ಕಂಬಿ ಹಿಡಿದು ಕೂತ ನನ್ನನ್ನು ನೋಡಿ, ಏನು ಕೇಳಬೇಕೋ ತಿಳಿಯದೆ, ‘ಏನಾಯ್ತ್ರಿ ಸರ್?’ ಅಂದರು.

ನನ್ನ ಕುರ್ಚಿ ಚೀಲದಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ, ಹಳೇ ಚಟ. ತೆಗೆದು ಕೊಟ್ಟೆ. ‘ನೀವೇ ಅಳೀರಿ ಮೇಡಂ.’ ಅಳೆದರು. ಬಾಗಿಲು, ಒಳಗಿನ ಜಾಗ, ಕಮೋಡಿನ ಎತ್ತರ. ಕಮೋಡು ಹದಿನೈದು ಇಂಚು ಇತ್ತು, ಹದಿನೆಂಟು ಹತ್ತೊಂಬತ್ತು ಇರಬೇಕು, ಕುರ್ಚಿಯ ಮಟ್ಟಕ್ಕೆ ಬಂದರೆ ಜರುಗುವುದು ಸುಲಭ. ‘ಎಸ್ಟಿಮೇಟ್ ಮಾಡ್ಬೇಕ್ರಿ, ಅನುದಾನ ಬರ್ಬೇಕು’ ಅಂದರು.

ಇಲ್ಲಿ ನನ್ನ ಅಂಗಡಿ ಕಲಿಸಿದ ವಿದ್ಯೆ ಕೆಲಸಕ್ಕೆ ಬಂತು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸುತ್ತಾ ತುಂಬಿಸುತ್ತಾ ಕಾಯ್ದೆಯೂ ಓದಿಕೊಂಡಿದ್ದೇನೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ, ಅದಕ್ಕೆ 2017ರ ಜೂನ್‌ನಲ್ಲಿ ನಿಯಮ ಬಂತು. ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿ ಮಾಡಬೇಕು ಅಂತಿತ್ತು. ಆ ಗಡುವು 2022ಕ್ಕೇ ಮುಗಿದಿದೆ. ಅಳತೆಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇದನ್ನೆಲ್ಲ ನಾನು ಭಾಷಣದ ಥರ ಹೇಳಲಿಲ್ಲ. ಪುರಸಭೆ ನಿಧಿಯಲ್ಲಿ ವಿಕಲಚೇತನರಿಗೆ ಶೇ 5 ತೆಗೆದಿಡುತ್ತೀರಲ್ಲ, ಅದರಲ್ಲಿ ಇದು ಬರುವುದಿಲ್ಲವೇ ಅಂತಷ್ಟೇ ಕೇಳಿದೆ. ಅದರಲ್ಲಿ ವಾಹನ, ಧನಸಹಾಯ ಕೊಡುತ್ತೇವೆ ಅಂದರು. ವಾಹನ ಹತ್ತಿಕೊಂಡು ಇಲ್ಲಿಗೇ ಬರುತ್ತೇವಲ್ಲ ಮೇಡಂ ಅಂದೆ.

‘ನೀವಾಗಿದ್ರ ಎಲ್ಲಿಂದ ಶುರು ಮಾಡ್ತಿದ್ರಿ?’ ಅಂತ ಕೇಳಿದರು. ಅದು ನನಗೆ ಹಿಡಿಸಿತು. ಒಂಬತ್ತು ವರ್ಷಕ್ಕೂ ಮೇಲಾಗಿತ್ತು, ಯಾರೂ ನನ್ನನ್ನು ಗೌಂಡಿ ಕೆಲಸದ ಬಗ್ಗೆ ಕೇಳಿರಲಿಲ್ಲ. ಹೇಳಿದೆ: ಬಾಗಿಲು ಹೊರಕ್ಕೆ ತೆರೆಯಬೇಕಾದರೆ ಚೌಕಟ್ಟು ಕೀಳಲೇಬೇಕು, ಬರೀ ಬಿಜಾಗ್ರಿ ಬದಲಿಸಿದರೆ ಆಗದು. ಹೆಂಗೂ ಕೀಳ್ತೀರಿ, ಮೂರಡಿ ಬಾಗಿಲೇ ಕೂಡಿಸಿ. ಕಂಬಿ ಕಮೋಡಿನ ಪಕ್ಕದ ಗೋಡೆಗೆ ಬರಲಿ, ಟೈಲ್ಸ್ ದಾಟಿ ಇಟ್ಟಂಗಿಯೊಳಗೆ ಉದ್ದ ಬೋಲ್ಟು ಹೋಗಲಿ. ಇನ್ನೊಂದು ಪಕ್ಕ ಎತ್ತಿ ಇಳಿಸುವ ಕಂಬಿ. ಮುಗಿದ ಮೇಲೆ ಗುತ್ತಿಗೆದಾರರನ್ನೇ ಅದಕ್ಕೆ ಜೋತುಬೀಳಿಸಿ, ಆಮೇಲೆ ಬಿಲ್ಲು ಕೊಡಿ. ಅವರು ಡೈರಿಯಲ್ಲಿ ಬರೆದುಕೊಂಡರು. ಕೊನೆಯದನ್ನು ಬರೆದರೋ ಇಲ್ಲವೋ.

ನಾಲ್ಕಕ್ಕೆ ಸರ್ವರ್ ಬಂತು. ತೆರಿಗೆ ಕಟ್ಟಿದೆ, ರಿಯಾಯಿತಿ ನೂರು ರೂಪಾಯಿ ಚಿಲ್ಲರೆ. ಆಟೋದ ಖರ್ಚು ಅದಕ್ಕಿಂತ ಜಾಸ್ತಿ.

ಅವ್ವನ ಹೆಸರು ಮತ್ತೆ ತಪ್ಪು ಬಿದ್ದಿತ್ತು, ಹಾಗಾಗಿ ಜುಲೈನಲ್ಲಿ ಇನ್ನೊಮ್ಮೆ ಹೋಗಬೇಕಾಯಿತು. ರ‍್ಯಾಂಪ್ ಹಾಗೇ ಇತ್ತು, ಅಳಿಯ ಮತ್ತೆ ಓಡಿ ಬಂದು ನೂಕಿದ. ಹಿಂದೆ ಹೋಗಿ ನೋಡಿದರೆ ಬಾಗಿಲು ಹೊಸದು. ಮೂರಡಿ. ಹೊರಕ್ಕೆ ತೆರೆಯುತ್ತಿತ್ತು. ಕೀಲಿ ಇರಲಿಲ್ಲ. ಚೌಕಟ್ಟಿನ ಸುತ್ತ ಸಿಮೆಂಟು ಇನ್ನೂ ಬಣ್ಣ ಕಾಣದೆ ಬೂದುಬೂದಾಗಿತ್ತು. ಪಕ್ಕದ ಗೋಡೆಗೆ ದಪ್ಪ ಸ್ಟೀಲ್ ಕಂಬಿ. ಅದರ ಮೇಲೆ ಸಾಲಾಗಿ ಮೂರು ಕೈಚೀಲ ನೇತುಬಿದ್ದಿದ್ದವು.

ಅಕ್ಕ ಅಲ್ಲೇ ಕಟ್ಟೆಯ ಮೇಲಿದ್ದಳು. ನನ್ನನ್ನು ನೋಡಿ ಎದ್ದು ಬಂದಳು. ‘ತೆಗಿತೀನಿ ತಡಿ ತಮ್ಮಾ’ ಅಂತ ಮೂರನ್ನೂ ಕೈಗೆ ತೆಗೆದುಕೊಂಡು ಅಂಗಳದ ಕಡೆ ನೋಡಿದಳು. ಮಳೆ ಹನಿಯುತ್ತಿತ್ತು. ‘ಎಲ್ಲಿ ಇಡ್ಲಿ?’

ನನಗೂ ಹೊಳೆಯಲಿಲ್ಲ. ಕಂಬಿಯನ್ನು ಒಮ್ಮೆ ಜೋರಾಗಿ ಎಳೆದು ನೋಡಿದೆ. ಅಲುಗಲಿಲ್ಲ. ಚೀಲಗಳನ್ನು ಮತ್ತೆ ಅದರ ತುದಿಗೇ ಹಾಕು ಅಂದೆ, ನನಗೆ ಹಿಡಿಯಲು ಇನ್ನೂ ಒಂದೂವರೆ ಅಡಿ ಉಳಿಯುತ್ತಿತ್ತು. ಬಾಗಿಲು ಎಳೆದುಕೊಂಡೆ. ಪುಂಡಿಪಲ್ಯದ ವಾಸನೆ ಬರುತ್ತಿತ್ತು.